ನನ್ನ ಅಲೆ ನೋಡಿದವರು

ಸರ್ಫಿಂಗ್ ಮಾಡುವವರಿಗೆ, ಅಂದರೆ ಬೋರ್ಡಿನ ಮೇಲೆ ನಿಂತು ಕಡಲ ಅಲೆ ಏರಿ ಜಾರುವವರಿಗೆ, ತಾವು ಏರಿದ ಅಲೆ ಸರಿಯಾಗಿ ಕಾಣುವುದೇ ಇಲ್ಲ. ಅಲೆ ಬೆನ್ನ ಹಿಂದಿರುತ್ತದೆ. ಕಣ್ಣು ಮಾತ್ರ ಮುಂದೆ, ಎಡಕ್ಕೋ ಬಲಕ್ಕೋ ಏಳುತ್ತಿರುವ ನೀರಿನ ಗೋಡೆಯ ಮೇಲೆ. ಕಾಲು ಬೋರ್ಡಿನ ಮೇಲೆ ಸರಿಯಾಗಿ ಊರಿತಾ ಇಲ್ವಾ ಅನ್ನುವುದರಲ್ಲೇ ಮೊದಲ ಎರಡು ಸೆಕೆಂಡ್ ಹೋಗಿರುತ್ತದೆ. ಆಮೇಲೆ ಉಳಿಯುವುದು ಐದಾರು ಸೆಕೆಂಡ್, ಅದೃಷ್ಟ ಇದ್ದರೆ ಹತ್ತು. ಮುಗಿದ ಮೇಲೆ ಏನಾಯ್ತು ಅಂತ ನೆನಪು ಮಾಡಿಕೊಂಡರೆ ಒಂದು ವೇಗ, ಒಂದು ಸದ್ದು, ಮಂಡಿಯ ನಡುಕ, ಅಷ್ಟೇ. ಅಲೆ ಎಷ್ಟು ಎತ್ತರ ಇತ್ತು, ನಾನು ಎಲ್ಲಿ ತಿರುಗಿದೆ, ಹಿಂದೆ ನೊರೆ ಎಷ್ಟು ಹತ್ತಿರ ಬಂದಿತ್ತು, ಇದೆಲ್ಲ ಗೊತ್ತಿರುವುದು ಆಗ ಎದುರಿನಿಂದ ಪ್ಯಾಡಲ್ ಮಾಡಿಕೊಂಡು, ಅಂದರೆ ಬೋರ್ಡಿನ ಮೇಲೆ ಮಲಗಿ ಕೈಯಿಂದ ನೀರು ತಳ್ಳಿಕೊಂಡು, ಬರುತ್ತಿದ್ದ ಗೆಳೆಯನಿಗೆ.

ಹಾಗಾಗಿ ನನ್ನ ಸರ್ಫಿಂಗ್ ನೆನಪುಗಳಲ್ಲಿ ಬಹಳಷ್ಟು ನಾನು ಕಂಡಿದ್ದಲ್ಲ, ಗೆಳೆಯರು ಹೇಳಿದ್ದು. ಅವರ ನೆನಪುಗಳಲ್ಲಿ ನಾನು ಹೇಳಿದ್ದೂ ಇದೆ. ನೀರಿನಿಂದ ಎದ್ದ ಮೇಲೆ ಎಲ್ಲರೂ ಕೂತು ಮಾತಾಡುವ ಆ ಎರಡು ಮೂರು ಗಂಟೆ ಇದೆಯಲ್ಲ, ಅದನ್ನೂ ನಾನು ಸರ್ಫಿಂಗ್ ಅಂತಲೇ ಲೆಕ್ಕ ಹಾಕುತ್ತೇನೆ. ಬೋರ್ಡ್ ತೊಳೆದು, ಕಾರಿನ ಮೇಲೆ ಕಟ್ಟಿ, ತಕ್ಷಣ ಮನೆಗೆ ಓಡುವವರನ್ನು ಕಂಡರೆ ನನಗೆ ನಿಜವಾಗಲೂ ಬೇಸರ ಆಗುತ್ತದೆ. ಅವರ ಅಲೆಯ ಕಥೆ ಅವರಿಗೇ ಸಿಗದೆ ಹೋಯ್ತಲ್ಲ ಅಂತ.

ಕಡಲ ತೀರದ ನಗರಗಳಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಮ್ಮ ವಾರಾಂತ್ಯ ಗುರುವಾರ ರಾತ್ರಿಯೇ ಶುರುವಾಗಿಬಿಡುತ್ತಿತ್ತು. ಗುಂಪಿನಲ್ಲಿ ಯಾರಾದರೂ ಒಬ್ಬರು ಅಲೆಯ ಮುನ್ಸೂಚನೆ ಹಾಕುತ್ತಿದ್ದರು. ಹೊಸಬರು ಅದರಲ್ಲಿ ನೋಡುವುದು ಎತ್ತರ ಮಾತ್ರ. ಹಳಬರ ಕಣ್ಣು ಹೋಗುವುದು ಪಕ್ಕದ ಅಂಕಿಗೆ, ಅಂದರೆ ಒಂದು ಅಲೆ ಹೋಗಿ ಮುಂದಿನದು ಬರಲು ಎಷ್ಟು ಸೆಕೆಂಡ್ ಅನ್ನುವುದಕ್ಕೆ. ಎತ್ತರ 1 ಮೀಟರ್, ಅಂತರ 6 ಸೆಕೆಂಡ್ ಅಂತಿದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಗಲಿಬಿಲಿ ನೀರು. ಅದೇ 1 ಮೀಟರ್, 14 ಸೆಕೆಂಡ್ ಅಂತಿದ್ದರೆ ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ, ದಾರಿಯುದ್ದಕ್ಕೂ ಸಾಲು ಕಟ್ಟಿಕೊಂಡು ಬಂದ ಅಲೆ. ಅಂಕಿಯಲ್ಲಿ ಎರಡೂ ಒಂದೇ ಎತ್ತರ. ಆದರೆ ಎರಡನೆಯದರಲ್ಲಿ ಬಲ ತುಂಬಾ ಜಾಸ್ತಿ, ತೀರದ ಹತ್ತಿರ ಬಂದಾಗ ಅದು ಇನ್ನೂ ಮೇಲೇಳುತ್ತದೆ. ಆ 14 ಅನ್ನುವ ಅಂಕಿ ಕಂಡ ಗುರುವಾರಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ.

ವಾಲ್ಟರ್ ಮಂಕ್ ಅಂತ ಒಬ್ಬ ಸಮುದ್ರ ವಿಜ್ಞಾನಿ ಇದ್ದರು. 1963ರಲ್ಲಿ ಅವರ ತಂಡ ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಅಲ್ಲಲ್ಲಿ ಅಳತೆ ಕೇಂದ್ರಗಳನ್ನಿಟ್ಟು, ಅಂಟಾರ್ಕ್ಟಿಕಾ ಕಡೆಯ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳು ಇಡೀ ಪೆಸಿಫಿಕ್ ದಾಟುವುದನ್ನು ಹಿಂಬಾಲಿಸಿತ್ತು. 10,000 ಕಿಲೋಮೀಟರ್‌ಗೂ ಹೆಚ್ಚಿನ ದಾರಿ ಅದು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ತೀರಕ್ಕೆ ಇಳಿಸುವ ಮುಂಚೆ ಅಲೆ ಹೇಗಿರುತ್ತದೆ ಅಂತ ಲೆಕ್ಕ ಹಾಕುವ ವಿಧಾನ ಕಟ್ಟಿದವರಲ್ಲೂ ಮಂಕ್ ಒಬ್ಬರು. ನಾವು ಈಗ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ನೋಡುವ ಮುನ್ಸೂಚನೆಯ ಬೇರು ಅಲ್ಲಿದೆ. ಇದನ್ನು ಓದಿದ ಮೇಲೆ ಅಲೆಗಾಗಿ ಕಾಯುವುದೇ ನನಗೆ ಬೇರೆ ಥರ ಕಂಡಿತು. ಅಷ್ಟು ದೂರದಿಂದ ಅದು ಬರುತ್ತಿರಬೇಕಾದರೆ ನಾವು ಒಂದು ಗಂಟೆ ಬೇಗ ಏಳುವುದು ಯಾವ ಲೆಕ್ಕ.

ಬೇಗ ಏಳಲೇಬೇಕು, ಅದಕ್ಕೆ ಕಾರಣ ಗಾಳಿ. ರಾತ್ರಿ ನೆಲ ತಣ್ಣಗಾಗಿ ಬೆಳಗ್ಗೆ ಹೊತ್ತಿಗೆ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತಿರುತ್ತದೆ. ಅದು ಬರುವ ಅಲೆಗೆ ಎದುರಾಗಿ, ಅದರ ಮುಖವನ್ನು ನಯವಾಗಿ ಎತ್ತಿ ಹಿಡಿಯುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಕಡಲಿನಿಂದ ಬೀಸಲು ಶುರುವಾಗುತ್ತದೆ, ನೀರೆಲ್ಲ ಕಲಕಿದ ಹಾಗೆ ಆಗುತ್ತದೆ. ನಮ್ಮ ಶನಿವಾರಗಳ ಆಕಾರ ಬಂದಿದ್ದೇ ಇದರಿಂದ. ಸೂರ್ಯ ಹುಟ್ಟುವ ಮುಂಚೆ ನೀರಿಗೆ, ಗಾಳಿ ತಿರುಗಿದ ಮೇಲೆ ದಡಕ್ಕೆ. ಆಗಿನ್ನೂ ಊರಿಗೆ ಊರೇ ಆಕಳಿಸುತ್ತಿರುತ್ತಿತ್ತು, ನಮ್ಮ ಮುಂದೆ ಮಾತಿಗೆ ಇಡೀ ದಿನ ಬಿದ್ದಿರುತ್ತಿತ್ತು. ಬೇರೆ ಸ್ನೇಹಿತರ ಜೊತೆ ಸಂಜೆ ಸೇರಿದರೆ ಎಲ್ಲರೂ ದಣಿದಿರುತ್ತಾರೆ, ಒಬ್ಬರು ಗಡಿಯಾರ ನೋಡುತ್ತಿರುತ್ತಾರೆ. ಬೆಳಗಿನ ಸ್ನೇಹದಲ್ಲಿ ಆ ಆತುರ ಇರಲಿಲ್ಲ.

ನೀರಿನಲ್ಲಿ ನಡೆಯುವ ಮಾತೇ ಒಂದು ವಿಚಿತ್ರ ರೀತಿಯದ್ದು. ಅಲೆ ಒಡೆಯುವ ಜಾಗದಿಂದ ಸ್ವಲ್ಪ ಆಚೆ, ಲೈನಪ್‌ನಲ್ಲಿ, ಬೋರ್ಡಿನ ಎರಡೂ ಕಡೆ ಕಾಲು ಇಳಿಬಿಟ್ಟು ಎಲ್ಲರೂ ಕಡಲಿನ ಕಡೆ ಮುಖ ಮಾಡಿ ಕೂತಿರುತ್ತೇವೆ. ಯಾರೂ ಯಾರ ಮುಖವನ್ನೂ ನೋಡುತ್ತಿರುವುದಿಲ್ಲ. ಬಹುಶಃ ಅದಕ್ಕೇ ಇರಬೇಕು, ಎದುರು ಬದುರು ಕೂತಾಗ ಬಾಯಿಗೆ ಬಾರದ ಮಾತು ಅಲ್ಲಿ ಬರುತ್ತದೆ. ಒಂದು ಬೆಳಗ್ಗೆ ನಮ್ಮ ಗುಂಪಿನ ಒಬ್ಬ, ಕಾಲು ಜಾರದಿರಲು ಬೋರ್ಡಿನ ಮೇಲೆ ಹಚ್ಚಿದ ವ್ಯಾಕ್ಸನ್ನು ಉಗುರಿನಿಂದ ಕೆರೆಯುತ್ತ, "ನಾನು ಈ ಕೆಲಸ ಬಿಡೋಣ ಅಂತ..." ಅಂದ. ಅಷ್ಟರಲ್ಲಿ ದೂರದಲ್ಲಿ ನೀರು ಕಪ್ಪಗೆ ಗೆರೆ ಗೆರೆಯಾಗಿ ಎದ್ದಿತು. ಸೆಟ್ ಬಂತು. ಅಂದರೆ ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಗುಂಪಾಗಿ ಬರುವುದು. ಅವನು ಮಾತು ಅಲ್ಲಿಗೇ ಬಿಟ್ಟು ತಿರುಗಿ ಪ್ಯಾಡಲ್ ಮಾಡಿದ, ಎರಡನೇ ಅಲೆ ಹಿಡಿದು ಹೋದ. ನಾನು ಮೂರನೆಯದು ಹಿಡಿದೆ. ಮತ್ತೆ ಇಬ್ಬರೂ ನೊರೆ ದಾಟಿ, ಏದುಸಿರು ಬಿಡುತ್ತ ಅದೇ ಜಾಗಕ್ಕೆ ಬಂದು ಕೂತಾಗ ಅವನು, "...ಇದ್ದೀನಿ, ಅಪ್ಪನಿಗೆ ಹೇಗೆ ಹೇಳೋದು ಗೊತ್ತಾಗ್ತಿಲ್ಲ" ಅಂತ ವಾಕ್ಯ ಮುಗಿಸಿದ. ನಡುವೆ ಏನೂ ಆಗೇ ಇಲ್ಲ ಅನ್ನುವ ಹಾಗೆ. ಆ ವಿಷಯ ಆ ದಿನ ಮಧ್ಯಾಹ್ನದವರೆಗೂ ನಡೆಯಿತು, ದಡದಲ್ಲಿ, ಕಾರಿನ ಡಿಕ್ಕಿಯಲ್ಲಿ, ಆಮೇಲೆ ಮೇಜಿನ ಸುತ್ತ. ಸೋಮವಾರ ಅವನು ಮನೆಗೆ ಫೋನ್ ಮಾಡಿ ಹೇಳಿದ.

ನಾನು ನೋಡಿದ ಅಲೆಗಳಲ್ಲಿ ಒಂದು ನನ್ನ ಗೆಳತಿಯದ್ದು. ಅವಳು ನರ್ಸ್. ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ನೇರ ಕಡಲಿಗೆ ಬಂದಿದ್ದಳು, ಇವತ್ತು ಸುಮ್ನೆ ನೀರಲ್ಲಿ ಕೂತಿರ್ತೀನಿ ಅಂದಿದ್ದಳು. ನಾನು ಪ್ಯಾಡಲ್ ಮಾಡುತ್ತ ಒಳಗೆ ಹೋಗುತ್ತಿದ್ದೆ, ಅವಳು ಎದುರಿನ ಅಲೆ ಹಿಡಿದಳು. ಭುಜದೆತ್ತರ ಇರಬೇಕು. ಅಲೆಯ ಮುಖ ಇನ್ನೂ ಹಸಿರು, ಹಿಂದಿನಿಂದ ಬೆಳಕು ಬಿದ್ದು ಅದರೊಳಗೆ ತೇಲುತ್ತಿದ್ದ ಪಾಚಿಯ ಎಳೆ ಕೂಡ ಕಾಣುತ್ತಿತ್ತು. ಅವಳು ಏಳುವಾಗ ಎಡಗೈ ಬೋರ್ಡಿನ ಅಂಚಿನಿಂದ ಸ್ವಲ್ಪ ತಡವಾಗಿ ಬಿಟ್ಟಿತು, ಆಮೇಲೆ ಮಂಡಿ ಬಗ್ಗಿ ದೇಹ ಇಡೀ ಸಡಿಲವಾಯಿತು. ಒಂದು ಕೈ ಹಿಂದಕ್ಕೆ ಚಾಚಿ ಬೆರಳಿನಿಂದ ನೀರಿನ ಗೋಡೆಯನ್ನು ಸವರಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋದಳು. ಬೆರಳು ಎಳೆದ ಗೆರೆ ಒಂದು ಕ್ಷಣ ನೀರಿನ ಮೇಲೆ ಉಳಿದಿತ್ತು. ಆಮೇಲೆ ನಾನು ಅಲೆಯನ್ನು ಹತ್ತಿ ಆಚೆ ಇಳಿದೆ.

ದಡಕ್ಕೆ ಬಂದ ಮೇಲೆ ಇದನ್ನು ಹೇಳಿದರೆ ಅವಳಿಗೆ ಕೈ ಚಾಚಿದ್ದೇ ಗೊತ್ತಿರಲಿಲ್ಲ. "ನಿಜವಾಗ್ಲೂ? ಯಾವ ಕೈ?" ಅಂತ ಮತ್ತೆ ಮತ್ತೆ ಕೇಳಿದಳು. ನಾನು ಎದ್ದು ನಿಂತು ತೋರಿಸಿದೆ. ಅವಳು ಕಣ್ಣು ತುಂಬಿಕೊಂಡು ನಕ್ಕಳು. ಇವತ್ತಿಗೂ ಆ ಅಲೆಯ ಬಗ್ಗೆ ಅವಳು ಹೇಳುವುದು ನಾನು ಹೇಳಿದ ಹಾಗೆಯೇ.

ವಿಡಿಯೋ ಇದೆಯಲ್ಲ ಅಂತ ಈಗ ಎಲ್ಲರೂ ಕೇಳುತ್ತಾರೆ. ನಾವೂ ಎಷ್ಟೋ ಸಲ ತೆಗೆದಿದ್ದೇವೆ. ದಡದಿಂದ ಫೋನಿನಲ್ಲಿ ತೆಗೆದ ವಿಡಿಯೋದಲ್ಲಿ ಅಲೆ ಚಪ್ಪಟೆಯಾಗಿ ಕಾಣುತ್ತದೆ, ಮನುಷ್ಯ ಒಂದು ಕಡ್ಡಿ. ನೀರಿನ ಮಟ್ಟದಲ್ಲಿ, ಅಲೆಗೆ ಎದುರಾಗಿ ಇದ್ದವನು ಕಂಡಿದ್ದು ಅದರಲ್ಲಿ ಸಿಗುವುದಿಲ್ಲ. ಎತ್ತರ ಹೇಳುವಾಗ ಕೂಡ ನಾವು ಮೀಟರ್ ಬಳಸುವುದಿಲ್ಲ. ಸೊಂಟದಷ್ಟು, ಭುಜದಷ್ಟು, ತಲೆ ಮೇಲೆ ಅಂತಲೇ ಹೇಳುತ್ತೇವೆ. ಆ ಅಲೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದ, ಅವನನ್ನು ನೋಡುತ್ತ ಇನ್ನೊಬ್ಬ ಇದ್ದ ಅನ್ನುವುದು ಆ ಅಳತೆಯಲ್ಲೇ ಬಂದುಬಿಡುತ್ತದೆ ಅಲ್ವಾ.

ದೊಡ್ಡ ಅಲೆಗಳ ಲೋಕದಲ್ಲೂ ಇದೇ ಕಥೆ. ಪೋರ್ಚುಗಲ್‌ನ ನಜಾರೆಯಲ್ಲಿ ಕಡಲ ತಳದಲ್ಲಿ ಒಂದು ಆಳವಾದ ಕಣಿವೆ ತೀರದ ಹತ್ತಿರದವರೆಗೂ ಬಂದಿದೆ, ಅದು ಅಲೆಯ ಬಲವನ್ನು ಒಂದು ಕಡೆಗೆ ಕೂಡಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟ್ಯೂಟ್ನರ್ ಅಲ್ಲಿ ಏರಿದ ಅಲೆ 26.21 ಮೀಟರ್ ಅಂತ ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಅಲೆ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಆಮೇಲೆ, ಬೇರೆಯವರು ತೆಗೆದ ದೃಶ್ಯಗಳನ್ನು ಇಟ್ಟುಕೊಂಡು ಅಳೆದ ಮೇಲೆ. ದಾಖಲೆ ಘೋಷಣೆಯಾಗಿದ್ದು 2022ರಲ್ಲಿ. ಅಲ್ಲಿಯವರೆಗೆ ತಾನು ಏರಿದ್ದು ಎಷ್ಟು ಎತ್ತರ ಅಂತ ಸ್ವತಃ ಅವರಿಗೂ ನಿಖರವಾಗಿ ಹೇಳಲು ಆಗುತ್ತಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಸರ್ಫಿಂಗ್ ಹರಡಿದ್ದು ಕೂಡ ದಡದಲ್ಲಿ ನಿಂತು ನೋಡಿದವರಿಂದ. ಹವಾಯಿಯ ಡ್ಯೂಕ್ ಕಹನಮೊಕು, 1912ರ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದವರು, 1914ರ ಡಿಸೆಂಬರ್ ಕೊನೆಗೆ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ಸರ್ಫಿಂಗ್ ಮಾಡಿ ತೋರಿಸಿದರು. ಬೋರ್ಡನ್ನು ಅಲ್ಲೇ ಪೈನ್ ಮರದಲ್ಲಿ ಮಾಡಿಕೊಂಡಿದ್ದರು. ಇಸಬೆಲ್ ಲೆಥಮ್ ಅನ್ನುವ ಹದಿಹರೆಯದ ಹುಡುಗಿಯನ್ನು ಅದೇ ಬೋರ್ಡಿನ ಮೇಲೆ ಜೊತೆಗೆ ನಿಲ್ಲಿಸಿಕೊಂಡು ಅಲೆ ಏರಿದ್ದೂ ಆ ಬೇಸಿಗೆಯಲ್ಲೇ. ಆ ಬೋರ್ಡ್ ಇನ್ನೂ ಅಲ್ಲಿನ ಜೀವರಕ್ಷಕ ಕ್ಲಬ್ಬಿನಲ್ಲಿದೆ.

ಮತ್ತೆ ನಮ್ಮ ಮೇಜಿಗೆ ಬರುತ್ತೇನೆ. ಒದ್ದೆ ತಲೆ, ಉಪ್ಪು ಒಣಗಿ ಬಿಗಿಯಾದ ಕೆನ್ನೆ, ಪ್ಯಾಡಲ್ ಮಾಡಿ ಮಾಡಿ ಲೋಟ ಎತ್ತಲೂ ನೋಯುವ ಭುಜ. ಎಲ್ಲರ ಅಂಗೈಗಳೂ ಗಾಳಿಯಲ್ಲಿ. ಒಂದು ಕೈ ಅಲೆ, ಇನ್ನೊಂದು ಕೈ ಬೋರ್ಡ್. ಮಾತಿನ ನಡುವೆ ಯಾರೋ ಫೋನ್ ಎತ್ತಿಕೊಳ್ಳಲು ಬಗ್ಗಿದರೆ ಮೂಗಿನಿಂದ ತಟತಟ ಅಂತ ಕಡಲ ನೀರು ಸುರಿಯುತ್ತದೆ. ಅಲೆ ಬೀಳಿಸಿ ಉರುಳಿಸಿದಾಗ ಮೂಗಿನ ಒಳಗಿನ ಪೊಳ್ಳುಗಳಲ್ಲಿ ಸೇರಿಕೊಂಡ ನೀರು ಅದು, ಎಷ್ಟೋ ಗಂಟೆ ಆದ ಮೇಲೂ ತಲೆ ಬಗ್ಗಿಸಿದ ಕೂಡಲೇ ಇಳಿದು ಬರುತ್ತದೆ. ಸರ್ಫ್ ಮಾಡುವವರ ನಡುವೆ ಅದಕ್ಕೆ ಯಾರೂ ಮುಜುಗರ ಪಡುವುದಿಲ್ಲ. ಪಕ್ಕದವರು ಸುಮ್ನೆ ಟವೆಲ್ ಮುಂದೆ ಚಾಚುತ್ತಾರೆ, ಕಥೆ ಮುಂದುವರಿಯುತ್ತದೆ.

ಒಬ್ಬರನ್ನೊಬ್ಬರು ನೋಡುವುದು ಬರೀ ಕಥೆಗಲ್ಲ. ಒಮ್ಮೆ ಒಬ್ಬ ಗೆಳೆಯನ ಲೀಶ್ ತುಂಡಾಯಿತು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ಅದು. 1970ರ ದಶಕದಲ್ಲಿ ಅದು ಬಳಕೆಗೆ ಬರುವ ಮುಂಚೆ ಬಿದ್ದವರೆಲ್ಲ ಬೋರ್ಡಿಗಾಗಿ ದಡದವರೆಗೆ ಈಜಲೇಬೇಕಿತ್ತು. ಅವನ ಬೋರ್ಡ್ ದಡ ಸೇರಿತು, ಅವನು ರಿಪ್ ಕರೆಂಟ್‌ನಲ್ಲಿ ಸಿಕ್ಕಿಕೊಂಡ. ದಡಕ್ಕೆ ಬಂದ ನೀರು ಒಂದು ಕಿರಿದಾದ ಓಣಿಯಲ್ಲಿ ವಾಪಸ್ ಕಡಲಿಗೆ ಓಡುವ ಜಾಗ ಅದು. ಅಲೆ ಒಡೆಯದೆ ನೀರು ಶಾಂತವಾಗಿ ಕಾಣುತ್ತದೆ, ಅದೇ ಅಪಾಯ. ಎದುರು ಈಜಿದರೆ ಎಂಥ ಈಜುಗಾರನೂ ಸುಸ್ತಾಗುತ್ತಾನೆ. ಅವನು ಕಾಣದೆ ಹೋಗಿದ್ದನ್ನು ಮೊದಲು ಗಮನಿಸಿದ್ದು ಅದೇ ನರ್ಸ್ ಗೆಳತಿ. ಅಲೆ ಬರುತ್ತಿದ್ದರೂ ಬಿಟ್ಟು ಅವನ ಕಡೆ ಹೋದಳು, "ಅಡ್ಡ ಈಜು, ಅಡ್ಡ" ಅಂತ ಕೂಗಿದಳು. ಅವನು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಅವಳ ಬೋರ್ಡ್ ಹಿಡಿದುಕೊಂಡ. ಆ ದಿನ ಮೇಜಿನ ಸುತ್ತ ಅಲೆಯ ಮಾತು ಬರಲೇ ಇಲ್ಲ. ಆದರೆ ಯಾರೂ ಬೇಗ ಎದ್ದು ಹೋಗಲಿಲ್ಲ.

ಈಗ ಗುಂಪು ಚದುರಿದೆ. ಒಬ್ಬೊಬ್ಬರು ಒಂದೊಂದು ಕಡಲಿನ ಪಕ್ಕ. ಗುರುವಾರ ರಾತ್ರಿ ಮುನ್ಸೂಚನೆ ಹಾಕುವುದು ಮಾತ್ರ ನಿಂತಿಲ್ಲ, ಈಗ ಅವರವರ ಊರಿನದ್ದು ಹಾಕುತ್ತಾರೆ. ಶನಿವಾರ ಧ್ವನಿ ಸಂದೇಶಗಳು ಬರುತ್ತವೆ, ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಒಂದು ಚೆನ್ನಾಗಿರೋ ಅಲೆ ಸಿಕ್ತು, ಆದರೆ ನೋಡಿದವರು ಯಾರೂ ಇಲ್ಲ ಅಂತ ಯಾರಾದರೂ ಹೇಳಿದರೆ ಉಳಿದವರಿಗೆಲ್ಲ ಒಟ್ಟಿಗೆ ಕಸಿವಿಸಿ ಆಗುತ್ತದೆ.

ಒಂದು ವಾರ ಎಲ್ಲರೂ ಒಂದೇ ಕಡೆ ಸೇರೋಣ ಅನ್ನುವ ಮಾತು ನಡೆಯುತ್ತಿದೆ. ಕೆಲಸ ಬಿಟ್ಟ ಗೆಳೆಯನಿಗೆ ದೊಡ್ಡ ಅಲೆ ಬೇಕು, ಉತ್ತರದ ಚಳಿಗಾಲಕ್ಕೆ ಕಾಯೋಣ ಅನ್ನುತ್ತಾನೆ. ನರ್ಸ್ ಗೆಳತಿಗೆ ರಜೆ ಸಿಗುವುದು ಜೂನ್‌ನಲ್ಲಿ ಮಾತ್ರ, ಆಗ ಬಿರುಗಾಳಿಗಳೆಲ್ಲ ದಕ್ಷಿಣದಲ್ಲಿ, ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ತೀರ ಹುಡುಕಿ ಅನ್ನುತ್ತಾಳೆ. ನನ್ನ ಓಟು ಅವಳಿಗೆ. ಅಲೆ ಸೊಂಟದಷ್ಟಿದ್ದರೂ ನಡೆಯುತ್ತದೆ, ಎಲ್ಲರೂ ಒಟ್ಟಿಗೆ ನೀರಿನಲ್ಲಿರುವ ಹಾಗಿದ್ದರೆ ಸಾಕು ಅಂತ ಬರೆದು ಹಾಕಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.