ಚಿಗವ್ವನ ಮಗ

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುತ್ತಿದ್ದರು. ವರ್ಷಾ ವರ್ಷಾ ಒಂದೊಂದು ಪದರ. ಮಳೆಗೆ ಸೋರುವುದಿಲ್ಲ, ಬೇಸಿಗೆಯಲ್ಲಿ ತಂಪು. ಆ ಮಣ್ಣಿನ ಭಾರ ಎಷ್ಟು ಅಂತ ಯಾರೂ ಯೋಚಿಸಿರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಕೆಲವೇ ನಿಮಿಷ ಇರುವಾಗ, ಆಳಂದದ ನಮ್ಮ ಮನೆಯಲ್ಲಿ ಪಾತ್ರೆಗಳು ಬಿದ್ದ ಸದ್ದಿಗೆ ಎಚ್ಚರವಾಯಿತು. ಭೂಕಂಪ. ನನಗೆ ಆಗ ಹನ್ನೊಂದು ವರ್ಷ. ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾ ತಾಲೂಕಿನಲ್ಲಿದ್ದ ಚಿಗವ್ವನ ಊರು ಅಷ್ಟೊತ್ತಿಗೆ ಕಲ್ಲುಮಣ್ಣಿನ ಗುಡ್ಡೆ ಆಗಿತ್ತು. ಗಣಪತಿ ಕಳಿಸಿ, ದಣಿದು ಮಲಗಿದ ಜನ. ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಸುಮಾರು 10,000 ಮಂದಿ ಸತ್ತರು. ಚಿಗವ್ವ, ಕಾಕಾ, ಎರಡು ವರ್ಷದ ಕೂಸು ಮೂವರೂ ಹೋದರು. ಅಂಗಳದ ಬಂಡಿಯಲ್ಲಿ ಮುತ್ಯಾನ ಮಗ್ಗುಲಲ್ಲಿ ಮಲಗಿದ್ದ ಏಳು ವರ್ಷದ ಹುಡುಗ ಉಳಿದ.

ಶಾಂತಿಲಾಲ್ ಮುತ್ಥಾ ಅವರ ಭಾರತೀಯ ಜೈನ್ ಸಂಘಟನೆ ಆಗ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದುಕೊಂಡು ಹೋಗಿ ಓದಿಸಿತು. ದೊಡ್ಡ ಕೆಲಸ ಅದು. ಇವನನ್ನೂ ಕಳಿಸೋಣ ಅಂತ ಮಾತು ಬಂತು. ಅವ್ವ ಮಾತ್ರ, "ನನ್ನ ತಂಗಿ ಮಗ ನನ್ನ ಕಣ್ಣೆದುರಿಗೆ ಇರ್ಲಿ" ಅಂದಳು.

ಅವನು ಮನೆಯೊಳಗೆ ಮಲಗುತ್ತಿರಲಿಲ್ಲ. ತೊಲೆ ನೋಡಿದರೆ ಸಾಕು, ಎದ್ದು ಹೊರಗೆ ಓಡುತ್ತಿದ್ದ. ಅಪ್ಪ ಅಂಗಳದಲ್ಲಿ ಎರಡು ಹೊರಸು ಹಾಕಿದರು. ಒಂದು ಅವನಿಗೆ, ಒಂದು ತಮಗೆ. ಮಳೆ ಬಂದರೆ ತಗಡಿನ ಚಪ್ಪರದ ಕೆಳಗೆ. ಒಂದೂವರೆ ವರ್ಷ ಹೀಗೇ ನಡೆಯಿತು. "ಹೆದರಬ್ಯಾಡ" ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ, ಸುಮ್ನೆ ಪಕ್ಕದಲ್ಲಿ ಮಲಗಿದರು. ಒಂದು ರಾತ್ರಿ ಹುಡುಗ ತಾನೇ ಒಳಗೆ ಬಂದು ನನ್ನ ಕೌದಿಯೊಳಗೆ ತೂರಿಕೊಂಡ.

ಶಾಲೆಗೆ ಸೇರಿಸುವಾಗ ಮಾಸ್ತರು, "ತಂದೆ ಹೆಸರು ನಿಮ್ಮದೇ ಬರೆಯಲೇನ್ರಿ?" ಅಂದರು. ಅಪ್ಪ ಕಾಕಾನ ಹೆಸರನ್ನೇ ಬರೆಸಿದರು. "ಅಂವಗ ಅಪ್ಪ ಇದ್ದ. ನಾಳೆ ಸಾತ್‌ಬಾರಾದಾಗೂ ಆ ಹೆಸರು ಬೇಕು" ಅಂದರು. ಸಾತ್‌ಬಾರಾ ಅಂದರೆ ಅಲ್ಲಿಯ ಹೊಲದ ಪಹಣಿ. ಹೊಲದ ಕಾಗದ, ಪರಿಹಾರದ ದುಡ್ಡು ಎರಡನ್ನೂ ಯಾರೂ ಮುಟ್ಟದ ಹಾಗೆ ಕಾದರು. ಊಟ ಹಾಕುವುದರಷ್ಟೇ ಇದೂ ಮುಖ್ಯ ಅಂತ ನನಗೆ ಅರ್ಥ ಆಗಿದ್ದು ಬಹಳ ತಡವಾಗಿ.

ಅಲ್ಲಿ, ಭೂಕಂಪ ಆದ ಕಡೆ, 52 ಊರುಗಳನ್ನು ಹೊಸ ಜಾಗದಲ್ಲಿ ಕಟ್ಟಿದರು. ಹೊಲ ಜಾಸ್ತಿ ಇದ್ದವರಿಗೆ 750 ಚದರ ಅಡಿಯ ಮನೆ, ನಡುವಿನವರಿಗೆ 450, ಭೂಮಿ ಇಲ್ಲದವರಿಗೆ 250. ಮನೆ ಗಟ್ಟಿ ಇದ್ದವು, ಅದಕ್ಕೆ ಕೈಮುಗಿಯಬೇಕು. ಆದರೆ ದನ ಎಲ್ಲಿ ಕಟ್ಟಬೇಕು? ಗೋಡೆಗೆ ಗೋಡೆ ಹತ್ತಿ ಬದುಕಿದ ಮಂದಿ ಉದ್ದುದ್ದ ಸಾಲುಗಳಲ್ಲಿ ಚದುರಿ ಹೋದರು. "ರಸ್ತಾ ಅಗಲ ಆದ್ವು, ಕರೆದ್ರ ಓ ಅನ್ನೋರು ಇಲ್ಲ" ಅನ್ನುತ್ತಿದ್ದ ಮುತ್ಯಾ. ಅವನೇ ಬಾಗಿಲ ಮುಂದೆ ಒಂದು ಬೇವಿನ ಸಸಿ ನೆಟ್ಟ, ಸುತ್ತ ಕಟ್ಟೆ ಕಟ್ಟಿದ. ಸಂಜೆ ಅಲ್ಲಿ ನಾಲ್ಕು ಜನ ಕೂರಲು ಶುರುಮಾಡಿದರು.

ಪ್ರತಿ ರಜೆಯಲ್ಲೂ ಅಪ್ಪ ಹುಡುಗನನ್ನು ಅಲ್ಲಿಗೆ ಬಿಟ್ಟು ಬರುತ್ತಿದ್ದರು. ಅವನು ತನ್ನ ಊರಿಗೇ ಹೊಸಬ ಆಗಬಾರದು ಅಂತ. ಇಪ್ಪತ್ತೊಂದಕ್ಕೆ ಅವನು ಅಲ್ಲಿಗೇ ಹೋದ. ಈಗ ತೊಗರಿ ಬೆಳೆಯುತ್ತಾನೆ, ಇಬ್ಬರು ಹೆಣ್ಣುಮಕ್ಕಳು.

ಹೋದ ವರ್ಷ ಇಬ್ಬರೂ ಹಳೇ ಊರಿಗೆ ಹೋಗಿದ್ದೆವು. ಎಲ್ಲಾ ಕಡೆ ಜಾಲಿ ಬೆಳೆದಿದೆ. ತನ್ನ ಮನೆಯ ಕಲ್ಲುಗಳ ಮೇಲೆ ಕೂತು ಕೇಳಿದ, "ಅಕ್ಕಾ, ಅವ್ವ ಹೆಂಗ ನಗ್ತಿದ್ಲು?"

ಆ ವರ್ಷದ ಪಂಚಮಿಗೆ ಚಿಗವ್ವ ತವರಿಗೆ ಬಂದಿದ್ದಳು. ಜೋಕಾಲಿ ಮೇಲೆ ನಿಂತು ಜೀಕಿ ಜೀಕಿ, ಹುಣಸೆ ಟೊಂಗೆ ಮುಟ್ಟಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಕೆಳಗೆ ಇವನು ತನ್ನನ್ನೂ ಹತ್ತಿಸು ಅಂತ ಅಳುತ್ತಿದ್ದ. ಎಲ್ಲಾ ಹೇಳಿದೆ. ಅವನು ಇನ್ನೊಮ್ಮೆ ಹೇಳು ಅಂದ.