ದೀಪಾವಳಿಯ ಹೊತ್ತಿಗೆ ದೆಹಲಿ, ಆಗ್ರಾಕ್ಕೆ ಹೊರಡುವವರಿಗೆ

ನವೆಂಬರ್ ಎರಡನೆಯ ವಾರ ಧಾರವಾಡದಿಂದ ಹೊರಟಾಗ ಅಮ್ಮನ ಪೆಟ್ಟಿಗೆಯಲ್ಲಿ ಮೂರು ಸ್ವೆಟರ್‌ಗಳಿದ್ದವು, ಒಂದೂ ಮಾಸ್ಕ್ ಇರಲಿಲ್ಲ. ಚಳಿ ಎಷ್ಟೆಂದು ವಿಚಾರಿಸಿದ್ದೆ, ಗಾಳಿ ಹೇಗಿದೆಯೆಂದು ವಿಚಾರಿಸಿರಲಿಲ್ಲ. ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದಾಗ ಸೂರ್ಯ ಮಂಕು ಕುಂಕುಮದ ಬಿಲ್ಲೆಯಂತಿದ್ದ. ಮಂಜೆಂದುಕೊಂಡೆವು. ಆಟೋ ಹತ್ತುವಷ್ಟರಲ್ಲಿ ಗಂಟಲಿಗೆ ಸುಟ್ಟ ವಾಸನೆ ತಾಗಿತು.

ಅಂದು ವಾಯು ಗುಣಮಟ್ಟ ಸೂಚ್ಯಂಕ 400 ದಾಟಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 50ರೊಳಗಿದ್ದರೆ ಉತ್ತಮ, 400 ಮೀರಿದರೆ ತೀವ್ರ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಇಡುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಹೆಚ್ಚು. ಆ ಹೊಗೆಗೆ ಪಟಾಕಿ, ವಾಹನ, ಕಾರ್ಖಾನೆಗಳದೂ ಸೇರುತ್ತದೆ. ಗಾಳಿ ಬೀಸುವುದಿಲ್ಲ; ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕೂತು ಎಲ್ಲವನ್ನೂ ಒಳಗೇ ಹಿಡಿದಿಡುತ್ತದೆ.

ಮರುದಿನ ಆಗ್ರಾದಲ್ಲಿ, ಸೂರ್ಯೋದಯಕ್ಕೇ ತಾಜ್ ಮಹಲಿನ ಸಾಲಿನಲ್ಲಿ ನಿಂತು ಒಳಹೋದೆವು. ಹೆಬ್ಬಾಗಿಲು ದಾಟಿದರೂ ಎದುರಿಗೆ ಬರೀ ಬೂದುಬಣ್ಣ. ಹತ್ತೂವರೆಯ ನಂತರ ಗುಮ್ಮಟದ ಅಂಚು ಮೂಡಿತು. ಅಷ್ಟರಲ್ಲಿ ಅಮ್ಮನಿಗೆ ಉಬ್ಬಸ ಶುರುವಾಗಿ, ಹಳೆಯ ಇನ್ಹೇಲರ್ ಹುಡುಕುವಂತಾಯಿತು. ಜೀವನದಲ್ಲೊಮ್ಮೆ ತಾಜ್ ನೋಡಬೇಕೆಂದು ಬಂದವಳು ಕಲ್ಲಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಉಳಿದ ದೆಹಲಿ ಕಾರ್ಯಕ್ರಮ ಕೈಬಿಟ್ಟು ಡೆಹ್ರಾಡೂನ್ ಮೂಲಕ ಮಸ್ಸೂರಿಗೆ ಹೋದೆವು. ಸುಮಾರು 2,000 ಮೀಟರ್ ಎತ್ತರದಲ್ಲಿ ಆಕಾಶ ನೀಲಿಯಾಗಿತ್ತು, ಎರಡನೆಯ ದಿನ ಅಮ್ಮ ಪಕ್ಕದ ಲಂಡೂರಿನ ಏರಿನಲ್ಲಿ ನಿಧಾನವಾಗಿ ನಡೆದಳು. ಸಂಜೆ ಪಶ್ಚಿಮದಲ್ಲಿ ಕಿತ್ತಳೆ, ನೇರಳೆ ಬಣ್ಣದ ಅಡ್ಡಗೆರೆಯೊಂದು ಎದ್ದಿತು. ಅಲ್ಲಿಯವರು ಅದನ್ನು ‘ವಿಂಟರ್‌ಲೈನ್’ ಎನ್ನುತ್ತಾರೆ. ಕೆಳಗಿನ ಬಯಲಲ್ಲಿ ಸಿಕ್ಕಿಕೊಂಡ ಧೂಳು, ಹೊಗೆಗಳ ಪದರದ ಮೇಲಂಚು ಅದು. ಚೆಲುವೆನಿಸಿತು, ಆದರೆ ಅದರಡಿಯಲ್ಲಿ ಉಸಿರಾಡುತ್ತಿರುವವರ ನೆನಪೂ ಬಂತು.

ಮಕ್ಕಳ ರಜೆ ನೋಡಿಕೊಂಡು ಹೋಗುವವರು ದೀಪಾವಳಿಯ ಬದಲು ದಸರಾ ರಜೆಯನ್ನು ಆರಿಸಿಕೊಳ್ಳಿ, ಅದರಲ್ಲೂ ಹಬ್ಬ ಅಕ್ಟೋಬರ್ ಮೊದಲ ಭಾಗದಲ್ಲೇ ಬರುವ ವರ್ಷ. ಮಳೆ ತೊಳೆದ ಗಾಳಿ ಆಗಿನ್ನೂ ಅಷ್ಟು ಕೆಟ್ಟಿರುವುದಿಲ್ಲ. ನವೆಂಬರ್‌ನಲ್ಲೇ ಹೋಗಬೇಕಾದರೆ ಮಂಡಳಿಯ ‘ಸಮೀರ್’ ಆ್ಯಪ್ ದಿನವೂ ನೋಡಿ, ರದ್ದು ಮಾಡಬಹುದಾದ ಕೋಣೆಗಳನ್ನೇ ಕಾಯ್ದಿರಿಸಿ. ನಮ್ಮ ಎರಡು ರಾತ್ರಿಯ ಹಣ ಹಿಂದಿರುಗಲಿಲ್ಲ. ಬಟ್ಟೆಯ ಮಾಸ್ಕ್ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ, ಎನ್-95 ಬೇಕು. ಮಾಲಿನ್ಯ ಹೆಚ್ಚಿದ ದಿನ ಹಳೆಯ ಡೀಸೆಲ್ ಕಾರುಗಳಿಗೆ ದೆಹಲಿಯಲ್ಲಿ ನಿರ್ಬಂಧವಿರುತ್ತದೆ, ಬಾಡಿಗೆ ಕಾರು ಹಿಡಿಯುವಾಗ ಕೇಳಿಕೊಳ್ಳಿ. ಆಸ್ತಮಾ, ಹೃದಯದ ತೊಂದರೆ ಇರುವವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು.

ಡಿಸೆಂಬರ್ ಕೊನೆ, ಜನವರಿಯಲ್ಲಿ ನಿಜವಾದ ಮಂಜೇ ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಹಾಗಾಗಿ ಅಮ್ಮನಿಗೆ ಈ ಬಾರಿ ಫೆಬ್ರವರಿ ಕೊನೆಯ ವಾರಕ್ಕೆ ಟಿಕೆಟ್ ಮಾಡಿಸಿದ್ದೇನೆ. ಶುಕ್ರವಾರ ತಾಜ್ ಮುಚ್ಚಿರುತ್ತದೆ. ಆಗ್ರಾಕ್ಕೆ ಮಂಗಳವಾರ, ಬುಧವಾರ ಎರಡೂ ದಿನ ಇಟ್ಟುಕೊಂಡಿದ್ದೇವೆ.