ಟಾಯ್ ಹಾಲರ್ ಕೊಳ್ಳುವ ಮುನ್ನ ಟ್ರಕ್ಕಿನ ಬಾಗಿಲು ತೆರೆದು ನೋಡಿ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮರಳು ದಿಬ್ಬಗಳ ಹುಚ್ಚು ಹತ್ತಿಸಿಕೊಂಡ ಕನ್ನಡ ಕುಟುಂಬಗಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ನಮ್ಮ ಟ್ರಕ್ 11,000 ಪೌಂಡ್ ಎಳೆಯುತ್ತದೆಯಂತೆ. ಇದಕ್ಕೆ ಎಂಥ ಟಾಯ್ ಹಾಲರ್ ಕೊಳ್ಳಬಹುದು?"

ಊರಿನಲ್ಲಿ ಕುಳಿತು ಓದುವವರಿಗಾಗಿ ಒಂದು ಮಾತು. ಟಾಯ್ ಹಾಲರ್ ಎಂದರೆ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಮನೆ. ಮುಂಭಾಗದಲ್ಲಿ ಹಾಸಿಗೆ, ಅಡುಗೆ ಒಲೆ, ಸ್ನಾನದ ಕೋಣೆ ಇರುತ್ತವೆ, ಹಿಂಭಾಗ ಗ್ಯಾರೇಜ್. ಹಿಂದಿನ ಗೋಡೆಯೇ ನೆಲಕ್ಕೆ ಬಾಗಿ ಇಳಿಜಾರು ಹಲಗೆಯಾಗುತ್ತದೆ. ಅದರ ಮೇಲೆ ಡರ್ಟ್ ಬೈಕನ್ನೋ, ಮರಳಿನ ಮೇಲೆ ಓಡುವ ನಾಲ್ಕು ಚಕ್ರದ ಸೈಡ್ ಬೈ ಸೈಡ್ ಗಾಡಿಯನ್ನೋ ಒಳಗೆ ಹತ್ತಿಸಿಕೊಂಡು ಹೊರಡಬಹುದು. ತಲುಪಿದ ಮೇಲೆ ಗಾಡಿ ಹೊರಗೆ, ಮಕ್ಕಳ ಹಾಸಿಗೆ ಒಳಗೆ.

ನನ್ನ ಉತ್ತರವೂ ಪ್ರತಿ ಸಲ ಒಂದೇ. ಆ 11,000ವನ್ನು ಸದ್ಯಕ್ಕೆ ಬದಿಗಿಡಿ. ಚಾಲಕನ ಬಾಗಿಲು ತೆರೆಯಿರಿ. ಬಾಗಿಲ ಚೌಕಟ್ಟಿನ ಮೇಲೆ ಹಳದಿ ಪಟ್ಟಿಯಿರುವ ಬಿಳಿ ಸ್ಟಿಕ್ಕರ್ ಇದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದು ಪೇಲೋಡ್. ಒಂದೇ ಕಂಪನಿಯ, ಒಂದೇ ವರ್ಷದ, ಒಂದೇ ಹೆಸರಿನ ಎರಡು ಟ್ರಕ್ಕುಗಳಲ್ಲೂ ಈ ಸಂಖ್ಯೆ ಬೇರೆ ಬೇರೆ ಇರಬಹುದು. ಗಾಜಿನ ಛಾವಣಿ, ಚರ್ಮದ ಆಸನ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಎಲ್ಲವೂ ತೂಕವೇ, ಎಲ್ಲವೂ ಈ ಸಂಖ್ಯೆಯಿಂದಲೇ ಕಳೆಯುತ್ತವೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಹುಡುಕಿದ ಅಂಕಿ ಬೇಡ, ನಿಮ್ಮದೇ ಬಾಗಿಲಿನ ಅಂಕಿ ಬೇಕು.

ಎಳೆಯುವ ಸಾಮರ್ಥ್ಯದ ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ಲೆಕ್ಕ ಹಾಕುವ ಎಸ್‌ಎಇ ಜೆ2807 ಎಂಬ, ವಾಹನ ಎಂಜಿನಿಯರುಗಳ ಸಂಘದ ಮಾನದಂಡ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ ಕುಳಿತಿದ್ದಾರೆ ಎಂದು ಭಾವಿಸುತ್ತದೆ. ನಮ್ಮ ಮನೆಗಳಲ್ಲಿ ಹಾಗೆ ಯಾರು ಹೊರಡುತ್ತಾರೆ?

ಲೆಕ್ಕ ಮಾಡೋಣ. ಕುಟುಂಬಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ, ನಾಲ್ಕು ಬಾಗಿಲಿನ ಅರ್ಧ ಟನ್ ವರ್ಗದ (ಇದು ವರ್ಗದ ಹೆಸರು ಮಾತ್ರ, ಹೊರುವ ತೂಕವಲ್ಲ) ಟ್ರಕ್ಕಿನ ಸ್ಟಿಕ್ಕರ್ 1,550 ಪೌಂಡ್ ಎನ್ನುತ್ತದೆ ಎಂದುಕೊಳ್ಳಿ, ಅಂದರೆ ಸುಮಾರು 700 ಕಿಲೋ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 480. ಆಮೇಲೆ ಹಾಕಿಸಿದ ಹಿಂಬದಿಯ ಮುಚ್ಚಳ 60. ಐಸ್ ಪೆಟ್ಟಿಗೆ, ಸೌದೆ, ಉಪಕರಣಗಳು 200. ತೂಕ ಹಂಚುವ ಹಿಚ್, ಅಂದರೆ ಟ್ರೈಲರನ್ನು ಟ್ರಕ್ಕಿಗೆ ಜೋಡಿಸುವ ಕೊಂಡಿ, 90. ಒಟ್ಟು 830 ಹೋದರೆ ಉಳಿದದ್ದು 720. ಟ್ರೈಲರ್‌ನ ಮೂತಿ ಹಿಚ್ಚಿನ ಮೇಲೆ ಒತ್ತುವ ಭಾರ ಈ 720ರೊಳಗೆ ಇರಬೇಕು. ಆ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಸಾಮಾನು ತುಂಬಿದ ಟ್ರೈಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕು. ಶೇಕಡಾ 12 ಎಂದು ಹಿಡಿದರೆ ನೀವು ಎಳೆಯಬಹುದಾದದ್ದು 6,000 ಪೌಂಡ್, ಅದೂ ತುಂಬಿದ ಟ್ರೈಲರ್. ಹನ್ನೊಂದು ಸಾವಿರದ ಮಾತು ಇಲ್ಲಿಗೆ ಮುಗಿಯಿತು.

ಇನ್ನೂ ಒಂದು ಸಂಗತಿ ನಮ್ಮವರಿಗೇ ವಿಶೇಷವಾದದ್ದು. ಚಳಿಗಾಲದಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಅವರನ್ನು ಬಿಟ್ಟು ಹೋಗುವ ಮನಸ್ಸಿರುವುದಿಲ್ಲ. ಅವರಿಬ್ಬರ 300 ಪೌಂಡ್ ಸೇರಿಸಿದರೆ ಉಳಿಯುವುದು 420. ಎಳೆಯಬಹುದಾದದ್ದು 3,500ಕ್ಕೆ ಇಳಿಯುತ್ತದೆ. ಅಷ್ಟು ಹಗುರವಾದ, ಆರು ಜನ ಮಲಗಬಹುದಾದ ಟಾಯ್ ಹಾಲರನ್ನು ನಾನು ನೋಡಿಲ್ಲ. ಅವರನ್ನು ಇನ್ನೊಂದು ಕಾರಿನಲ್ಲಿ ಕರೆತರುವುದು ಒಳ್ಳೆಯದು, ಅವರ ಬೆನ್ನಿಗೂ ಅದೇ ಸುಖ.

6,000 ಪೌಂಡಿನಲ್ಲಿ ಏನು ಸಾಧ್ಯ? ಖಾಲಿ 4,300 ತೂಗುವ ಚಿಕ್ಕ ಟ್ರೈಲರ್, ಎರಡು ಡರ್ಟ್ ಬೈಕಿಗೆ 500, 40 ಗ್ಯಾಲನ್ ನೀರಿಗೆ 334, ಬ್ಯಾಟರಿ, ಗ್ಯಾಸ್, ಹಾಸಿಗೆ, ಅಡುಗೆ ಸಾಮಾನಿಗೆ 600. ಒಟ್ಟು 5,734. ಚೆನ್ನಾಗಿಯೇ ಹೊಂದುತ್ತದೆ, ಮೊದಲ ಟಾಯ್ ಹಾಲರ್ ಆಗಿ ಇಂಥದ್ದನ್ನು ನಾನು ಮನಸ್ಸಾರೆ ಒಪ್ಪುತ್ತೇನೆ. ಆದರೆ ನಾಲ್ಕು ಆಸನದ ಸೈಡ್ ಬೈ ಸೈಡ್ ಬೇಕೆಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಅದೊಂದೇ ಇಂಧನ ಸಮೇತ 1,700ರ ಆಸುಪಾಸು. ಅದನ್ನು ಹೊರುವ ಟ್ರೈಲರ್ ಖಾಲಿಯಿದ್ದಾಗಲೇ 6,500 ಇದ್ದರೆ, 100 ಗ್ಯಾಲನ್ ನೀರು ಮತ್ತು ಸಾಮಾನು ಸೇರಿ 9,800 ದಾಟುತ್ತದೆ. ಹಿಚ್ಚಿನ ಮೇಲೆ ಸುಮಾರು 1,180. ಮನೆಮಂದಿ, ಸಾಮಾನು, ಹಿಚ್ ಎಲ್ಲ ಸೇರಿದ ಆ 830 ಕೂಡಿಸಿದರೆ ಸ್ಟಿಕ್ಕರ್‌ನಲ್ಲಿ 2,000ಕ್ಕಿಂತ ಹೆಚ್ಚು ಇರಲೇಬೇಕು. ಮುಕ್ಕಾಲು ಟನ್ ವರ್ಗದ ಟ್ರಕ್ ಇಲ್ಲದೆ ಇದು ಆಗದು.

ಟಾಯ್ ಹಾಲರ್‌ಗೆ ಮಾತ್ರ ಇರುವ ತೊಡಕೊಂದಿದೆ. ಮಾರುವವರು ಇದನ್ನು ಬಿಡಿಸಿ ಹೇಳುವುದು ಅಪರೂಪ, ಹಾಗಾಗಿ ನಿಧಾನವಾಗಿ ಓದಿ. ಬೇರೆ ಟ್ರೈಲರ್‌ಗಳಲ್ಲಿ ಭಾರ ಉದ್ದಕ್ಕೂ ಹರಡಿರುತ್ತದೆ. ಇಲ್ಲಿ ಗ್ಯಾರೇಜ್ ಹಿಂದಿದೆ, ಗಾಡಿಯ ಭಾರ ಆಕ್ಸಲ್‌ನ, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚಿನ, ಹಿಂದೆ ಬೀಳುತ್ತದೆ. ಏತದ ಒಂದು ತುದಿಗೆ ಭಾರ ಹಾಕಿದರೆ ಇನ್ನೊಂದು ತುದಿ ಏಳುವಂತೆ ಮೂತಿ ಹಗುರಾಗುತ್ತದೆ. ಇದನ್ನು ಬಲ್ಲ ತಯಾರಕರು ಖಾಲಿ ಟ್ರೈಲರ್‌ನ ಮೂತಿಯನ್ನು ಬೇಕೆಂದೇ ಭಾರವಾಗಿಡುತ್ತಾರೆ. ಪರಿಣಾಮ ಎರಡು. ಗಾಡಿ ಹತ್ತಿಸದೆ ಬರೀ ಕ್ಯಾಂಪಿಂಗಿಗೆ ಹೊರಟ ದಿನವೇ ಟ್ರಕ್ಕಿನ ಹಿಂಬದಿಗೆ ಅತಿ ಹೆಚ್ಚು ಭಾರ ಬೀಳಬಹುದು. ಭಾರದ ಗಾಡಿಯನ್ನು ತೀರ ಹಿಂದಕ್ಕೆ ನಿಲ್ಲಿಸಿದರೆ ಟಂಗ್ ವೇಟ್ ಶೇಕಡಾ 10ಕ್ಕಿಂತ ಕೆಳಗಿಳಿದು, ಹೆದ್ದಾರಿಯಲ್ಲಿ ಟ್ರೈಲರ್ ಎಡಕ್ಕೂ ಬಲಕ್ಕೂ ತೂಗಾಡಲು ಶುರುವಾಗುತ್ತದೆ. ಆ ತೂಗಾಟ ಜೋರಾದರೆ ಟ್ರಕ್ಕನ್ನೂ ಎಳೆದುಕೊಂಡು ಹೋಗಿ ಉರುಳಿಸುತ್ತದೆ. ಒಳಗೆ ಮಕ್ಕಳಿರುತ್ತಾರೆ, ನಾನು ಈ ವಿಷಯದಲ್ಲಿ ಗಟ್ಟಿಯಾಗಿ ಮಾತನಾಡುವುದು ಅದಕ್ಕೇ.

ಆದ್ದರಿಂದ ಲೆಕ್ಕವನ್ನು ಎರಡು ಸಲ ಮಾಡಿ, ಗಾಡಿಯಿದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ನೀರಿನ ಟ್ಯಾಂಕ್ ಎಲ್ಲಿದೆ ಎಂದೂ ಕೇಳಿ. ಒಂದು ಗ್ಯಾಲನ್ ನೀರು 8.34 ಪೌಂಡ್. ಆಕ್ಸಲ್ ಮೇಲೆಯೇ ಟ್ಯಾಂಕ್ ಇದ್ದರೆ ತುಂಬಿದರೂ ಬರಿದಾದರೂ ಸಮತೋಲ ಹೆಚ್ಚು ಬದಲಾಗದು. ಹಿಂದಿದ್ದರೆ ಅದೂ ಮೂತಿಯನ್ನು ಎತ್ತುತ್ತದೆ.

"ಡೀಸೆಲ್ ಎಂಜಿನ್ ತೆಗೆದುಕೊಂಡರೆ ಸಾಕಲ್ಲವೇ?" ಎಂದು ಕೇಳುವವರಿದ್ದಾರೆ. ಘಟ್ಟ ಹತ್ತುವಾಗ ಡೀಸೆಲ್ ಸುಖವೇ ಸರಿ. ಆದರೆ ಆ ಎಂಜಿನ್ ತಾನೇ ನೂರಾರು ಪೌಂಡ್ ಹೆಚ್ಚು ತೂಗುವುದರಿಂದ, ಮುಕ್ಕಾಲು ಟನ್ ವರ್ಗದಲ್ಲಿ ಪೆಟ್ರೋಲ್ ಟ್ರಕ್ಕಿನ ಪೇಲೋಡ್ ಡೀಸೆಲ್‌ನದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಹಿಂಬದಿಯ ಸ್ಪ್ರಿಂಗಿಗೆ ನೆರವಾಗುವ ಗಾಳಿಚೀಲ ಹಾಕಿಸಿದರೆ ಟ್ರಕ್ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ ಅಷ್ಟೆ, ಸ್ಟಿಕ್ಕರ್ ಮೇಲಿನ ಸಂಖ್ಯೆ ಬೆಳೆಯುವುದಿಲ್ಲ. ಟ್ರಕ್ಕಿನ ಹಿಂತೊಟ್ಟಿಯಲ್ಲೇ ಕೂರುವ ಫಿಫ್ತ್ ವೀಲ್ ಟ್ರೈಲರ್ ರಸ್ತೆಯ ಮೇಲೆ ಹೆಚ್ಚು ಸ್ಥಿರ, ನಿಜ; ಅದರ ತೂಕದ ಐದನೇ ಒಂದು ಭಾಗದಷ್ಟು ಟ್ರಕ್ಕಿನ ಮೇಲೆ ಬೀಳುತ್ತದೆ ಎಂಬುದೂ ನಿಜ. 14,000 ಪೌಂಡಿನದಕ್ಕೆ 2,800. ಮೊದಲ ಖರೀದಿಗೆ ನಾನು ಅದನ್ನು ಸೂಚಿಸುವುದಿಲ್ಲ.

ತೂಕ ಹೊಂದಿತು ಎಂದಾದರೆ ಅಳತೆಯ ಟೇಪ್ ಹಿಡಿದು ಹೋಗಿ. ನಾಲ್ಕು ಆಸನದ ಸೈಡ್ ಬೈ ಸೈಡ್ ಸುಮಾರು 12 ಅಡಿ ಉದ್ದ. ಗ್ಯಾರೇಜ್ 12 ಅಡಿ ಎಂದು ಬರೆದಿದ್ದರೂ ಕಪಾಟು, ಸೋಫಾ ಅದನ್ನು ಕಿರಿದು ಮಾಡಿರಬಹುದು. ಛಾವಣಿಗೆ ಏರಿಸಿದ ಹಾಸಿಗೆಯ ಕೆಳಗೆ ಗಾಡಿಯ ಎತ್ತರ ಹಿಡಿಸುತ್ತದೆಯೇ ಎಂದು ನೋಡಿ. ನೆಲದಲ್ಲಿ ಬೆಲ್ಟ್ ಬಿಗಿಯುವ ಕಬ್ಬಿಣದ ಕೊಂಡಿಗಳು ಗಾಡಿಯ ನಾಲ್ಕೂ ಮೂಲೆಗೆ ಸರಿಯಾಗಿ ಸಿಗಬೇಕು. ಗ್ಯಾರೇಜಿಗೂ ಮಲಗುವ ಕೋಣೆಗೂ ನಡುವೆ ಗೋಡೆಯಿರುವ ಮಾದರಿ ಚಿಕ್ಕ ಮಕ್ಕಳಿರುವವರಿಗೆ ನನ್ನ ಮೊದಲ ಆಯ್ಕೆ, ಏಕೆಂದರೆ ಪೆಟ್ರೋಲ್ ವಾಸನೆ ಹಾಸಿಗೆಗೆ ಹಿಡಿಯುವುದಿಲ್ಲ. ಒಳಗೆ ಎಂಜಿನ್ ಚಾಲೂ ಬಿಡುವುದಂತೂ ಕೂಡದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಪ್ರವಾಸಕ್ಕೂ ಮುಂಚೆ ಗುಂಡಿ ಒತ್ತಿ ಪರೀಕ್ಷಿಸಿ.

ಕ್ಯಾಲಿಫೋರ್ನಿಯಾದವರು ಕಾನೂನನ್ನೂ ಗಮನಿಸಬೇಕು. ತಯಾರಕರು ನಿಗದಿ ಮಾಡಿದ ಗರಿಷ್ಠ ತೂಕ 10,000 ಪೌಂಡ್ ಮೀರಿದ ಟ್ರಾವೆಲ್ ಟ್ರೈಲರ್ ಎಳೆಯಲು ಸಾಮಾನ್ಯ ಕ್ಲಾಸ್ ಸಿ ಪರವಾನಗಿ ಸಾಲದು, ವಾಣಿಜ್ಯೇತರ ಕ್ಲಾಸ್ ಎ ಬೇಕು. ಟ್ರೈಲರ್ ಕಟ್ಟಿಕೊಂಡಾಗ ವೇಗದ ಮಿತಿ ಗಂಟೆಗೆ 55 ಮೈಲಿ.

ಕೊಂಡ ಮೇಲೆ, ಮೊದಲ ಪ್ರವಾಸಕ್ಕೆ ಎಲ್ಲವನ್ನೂ ತುಂಬಿಕೊಂಡು, ಮನೆಯವರನ್ನೂ ಕೂರಿಸಿಕೊಂಡು, ಹೆದ್ದಾರಿಯ ಟ್ರಕ್ ತಂಗುದಾಣದಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಕಟ್ಟೆಯ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರರ ತೂಕವನ್ನೂ ಅದು ಬೇರೆ ಬೇರೆ ಅಚ್ಚು ಮಾಡಿಕೊಡುತ್ತದೆ. ಟ್ರಕ್ಕಿನ ಎರಡು ಆಕ್ಸಲ್‌ಗಳ ತೂಕವನ್ನು ಬಾಗಿಲ ಬಳಿ ಬರೆದಿರುವ ಮಿತಿಗಳೊಂದಿಗೆ ಹೋಲಿಸಿ. ಮೀರಿದ್ದರೆ ಮೊದಲು ಕಡಿಮೆ ಮಾಡಬೇಕಾದದ್ದು ನೀರು. ಸ್ಯಾನ್ ಡಿಯಾಗೊದಿಂದ ಗ್ಲ್ಯಾಮಿಸ್ ದಿಬ್ಬಗಳಿಗೆ ಹೋಗುವವರು ಇಂಟರ್‌ಸ್ಟೇಟ್ 8ರಲ್ಲಿ 4,000 ಅಡಿಗೂ ಮೇಲೆ ಹತ್ತಿ, ಸಮುದ್ರಮಟ್ಟಕ್ಕಿಂತ ಕೆಳಗಿರುವ ಎಲ್ ಸೆಂಟ್ರೊಗೆ ಇಳಿಯುತ್ತಾರೆ. ದಾರಿಯಲ್ಲಿ ಗಾಳಿಯ ಹೊಡೆತವೂ ಇದೆ. ಘಟ್ಟ ಇಳಿದ ಮೇಲೆ ಬ್ರಾಲಿಯಲ್ಲೋ ಎಲ್ ಸೆಂಟ್ರೊದಲ್ಲೋ ನೀರು ತುಂಬಿಸಿಕೊಂಡರೆ ಎಂಜಿನ್‌ಗೂ ಬ್ರೇಕಿಗೂ ಅಷ್ಟು ಹೊರೆ ತಪ್ಪುತ್ತದೆ. ಆದರೆ ತುಂಬಿದ ಮೇಲಿನ ಮೊತ್ತವೂ ಮಿತಿಯೊಳಗೇ ಇರಬೇಕು. ಇಲ್ಲದಿದ್ದರೆ ಟ್ಯಾಂಕನ್ನು ಅರ್ಧಕ್ಕೆ ನಿಲ್ಲಿಸಿ, ಕುಡಿಯುವ ನೀರಿನ ಕ್ಯಾನುಗಳನ್ನು ಜೊತೆಗೆ ಬರುವ ಕಾರಿನಲ್ಲಿಡಿ.